ಬೆನ್ನು ನೀವುವುದು ಹೇಗೆ: ಮೂಳೆ ಬಿಡಿ, ಗಂಟು ಹಿಡಿಯಿರಿ

ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಮನೆಯ ಅಂಗಳದಲ್ಲಿ ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿಯ ಸದ್ದು ನಿಲ್ಲುವುದಿಲ್ಲ. ಮರುದಿನ ಬೆಳಿಗ್ಗೆ ಯಾರಾದರೊಬ್ಬರು ಸೊಂಟ ಹಿಡಿದುಕೊಂಡೇ ಏಳುತ್ತಾರೆ. ಕಳೆದ ವರ್ಷ ಆ ಸರದಿ ಭಾವನದು. ಜಗಲಿಯಲ್ಲಿ ಬೋರಲು ಮಲಗಿ, ಎಂಟು ವರ್ಷದ ಮಗನನ್ನು ಬೆನ್ನಿನ ಮೇಲೆ ಹತ್ತಿಸಿಕೊಂಡು ತುಳಿಯಲು ಹೇಳಿದರು. ಹುಡುಗ ನಾಲ್ಕು ಹೆಜ್ಜೆ ಇಟ್ಟವನು ಆಯ ತಪ್ಪಿ ಹಿಮ್ಮಡಿಯನ್ನು ಪಕ್ಕೆಲುಬಿನ ಮೇಲೆ ಊರಿಬಿಟ್ಟ. ಸೊಂಟನೋವಿಗೆ ಪಕ್ಕೆನೋವೂ ಸೇರಿ, ಭಾವ ಒಂದು ವಾರ ಕೆಮ್ಮುವುದಕ್ಕೂ ಹೆದರುತ್ತಿದ್ದರು.

ತುಳಿಸುವುದು ಬೇಡ, ಮುಷ್ಟಿಯಿಂದ ಗುದ್ದುವುದು ಬೇಡ, ಬೆನ್ನುಮೂಳೆಯ ಮಣಿಗಳನ್ನು ಒಂದೊಂದಾಗಿ ಒತ್ತುವುದಂತೂ ಬೇಡವೇ ಬೇಡ. ದುಡಿದು ಬಂದ ಬೆನ್ನುನೋವು ಬಹುಪಾಲು ಮೂಳೆಯ ಪಕ್ಕದ ಸ್ನಾಯುಗಳದ್ದು. ಕೈ ಹೋಗಬೇಕಾದದ್ದು ಅಲ್ಲಿಗೆ.

ಎಣ್ಣೆಗೆ ಕೈ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಬಿದ್ದು ಶುರುವಾದ ನೋವೇ? ಕಾಲಿನಲ್ಲಿ ಜೋಮು, ಶಕ್ತಿ ಕುಂದಿದಂತೆ ಇದೆಯೇ? ಜ್ವರ ಇದೆಯೇ? ಮೂತ್ರ ಕಟ್ಟಿದೆಯೇ ಅಥವಾ ಹಿಡಿತ ತಪ್ಪಿದೆಯೇ? ಒಂದಕ್ಕೆ ಹೌದು ಎಂದರೂ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮೂತ್ರದ ತೊಂದರೆಯಾದರೆ ಅದೇ ದಿನ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಳೆ ಸವೆದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬೆನ್ನು ಒತ್ತಿಸಿಕೊಳ್ಳಬಾರದು. ಉಳುಕು ತೆಗೆಯುತ್ತೇನೆಂದು ಸೊಂಟವನ್ನು ಲಟಕ್ಕೆಂದು ತಿರುಚುವವರು ಊರಿಗೊಬ್ಬರು ಇರುತ್ತಾರೆ. ಅವರಿಗೆ ಚಹಾ ಕೊಟ್ಟು ಕಳಿಸಿ.

ಎಣ್ಣೆ ಎಳ್ಳಿನದೇ ಇರಲಿ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಹರಳೆಣ್ಣೆ ಅಂಟಿಕೊಂಡು ಚರ್ಮವನ್ನೇ ಎಳೆಯುತ್ತದೆ. ಎರಡು ಚಮಚ ಸಾಕು. ಒಲೆಯ ಮೇಲಿಡದೆ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ನಿಮ್ಮ ಮಣಿಕಟ್ಟಿನ ಮೇಲೆ ಹನಿಸಿ ನೋಡಿ. ಟಿವಿಯಲ್ಲಿ ಬರುವ 'ನೋವು ಮಾಯ' ಎಣ್ಣೆಗಳಿಗೆ ದುಡ್ಡು ಸುರಿಯಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ಕರ್ಪೂರ, ಮೆಂಥಾಲ್ ಮೊದಲಾದವೇ ಬಂಡವಾಳ. ಚರ್ಮ ತಣ್ಣಗೋ ಉರಿಯೋ ಆದಾಗ ಒಳಗಿನ ನೋವಿನ ಕಡೆ ಗಮನ ಕಡಿಮೆಯಾಗುತ್ತದೆ, ಅಷ್ಟೇ.

ಮಲಗಿಸುವುದು ನೆಲದ ಮೇಲೆ ಹಾಸಿದ ತೆಳು ಹಾಸಿಗೆಯ ಮೇಲೆ. ಸ್ಪ್ರಿಂಗ್ ಮಂಚದ ಮೇಲೆ ನೀವು ಒತ್ತಿದ ಬಲವನ್ನೆಲ್ಲ ಹಾಸಿಗೆಯೇ ನುಂಗುತ್ತದೆ. ಹೊಟ್ಟೆಯ ಕೆಳಗೊಂದು ತೆಳು ದಿಂಬು, ಪಾದದ ಗಂಟಿನ ಕೆಳಗೆ ಸುತ್ತಿದ ಟವೆಲ್. ಆಮೇಲೆ ಐದು ನಿಮಿಷ ಅಂಗೈಯಿಂದ ಸೊಂಟದಿಂದ ಭುಜದವರೆಗೆ ನೀವಿ, ಹಗುರವಾಗಿ ಕೈ ಕೆಳಗೆ ತನ್ನಿ.

ಎಲ್ಲರೂ ಎಡವುವುದು ಇದರ ನಂತರ.

ಬೆನ್ನುಮೂಳೆಯ ಎರಡೂ ಬದಿಗೆ ಹಗ್ಗ ಬಿಗಿದಂತೆ ಉದ್ದಕ್ಕೆ ಸ್ನಾಯುಗಳಿವೆ. ಮೂಳೆಯಿಂದ ಎರಡು ಬೆರಳು ದೂರದಲ್ಲಿ ಹೆಬ್ಬೆರಳಿಟ್ಟು, ಈ ಹಗ್ಗಕ್ಕೆ ಅಡ್ಡಲಾಗಿ, ವೀಣೆಯ ತಂತಿ ಮೀಟಿದ ಹಾಗೆ ನಿಧಾನವಾಗಿ ಸರಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ಬೇಯದ ಅವರೆಕಾಳಿನಂಥದ್ದು ಬೆರಳಿಗೆ ಸಿಗುತ್ತದೆ. ಮಲಗಿದವರು 'ಹಾಂ, ಅಲ್ಲೇ' ಎನ್ನುತ್ತಾರೆ. ಅಲ್ಲೇ ನಿಲ್ಲಿ. ಅದನ್ನು ಉಜ್ಜಬೇಡಿ. ಗಂಟು ಸಿಕ್ಕಿತೆಂಬ ಉತ್ಸಾಹದಲ್ಲಿ ಗರಗರ ಉಜ್ಜಿದರೆ ಚರ್ಮ ಕೆಂಪಾಗುತ್ತದೆ, ಸ್ನಾಯು ಸೆಟೆದು ಇನ್ನಷ್ಟು ಬಿಗಿಯುತ್ತದೆ.

ಒಂದು ಹೆಬ್ಬೆರಳಿನ ಮೇಲೆ ಇನ್ನೊಂದನ್ನು ಇಡಿ. ಮೊಣಕೈ ನೆಟ್ಟಗಿರಲಿ. ತೋಳಿನ ಬಲ ಹಾಕದೆ, ಮೊಣಕಾಲೂರಿ ಕುಳಿತಲ್ಲಿಂದ ಮೈಯನ್ನೇ ಮೆಲ್ಲಗೆ ಮುಂದಕ್ಕೆ ಬಾಗಿಸಿ. ಭಾರ ತಾನಾಗಿ ಇಳಿಯುತ್ತದೆ. ಮಲಗಿದವರು ಉಸಿರು ಬಿಡುವಾಗ ಒಂದಿಷ್ಟು ಭಾರ ಹೆಚ್ಚಿಸಿ, ಎಳೆದುಕೊಳ್ಳುವಾಗ ಹಾಗೇ ಇರಿ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿ. ಐದು, ಆರು ಎಂದರೆ ಸರಿ. ಎಂಟು ಎಂದರೆ ಕೈ ಸಡಿಲಿಸಿ. ಗಂಡಸರು ಎಂಟಾದರೂ ಐದು ಎನ್ನುತ್ತಾರೆ. ಹಾಗಾಗಿ ಬಾಯಿ ನಂಬದೆ ಕಾಲು ನೋಡಿ: ಕಾಲ್ಬೆರಳು ಮುದುಡಿದ್ದರೆ, ಉಸಿರು ಬಿಗಿ ಹಿಡಿದಿದ್ದರೆ ನೀವು ಅತಿ ಮಾಡುತ್ತಿದ್ದೀರಿ.

ಅರ್ಧ ನಿಮಿಷದಿಂದ ಒಂದು ನಿಮಿಷ, ಹಾಗೇ. ಇದು ಬಹಳ ಉದ್ದದ ನಿಮಿಷ; ಹತ್ತು ಸೆಕೆಂಡಿಗೇ ಕೈ ಎತ್ತುವವರೇ ಹೆಚ್ಚು. ಕಾದರೆ ಬೆರಳಡಿಯ ಕಾಳು ಬೆಂದಂತೆ ಮೆತ್ತಗಾಗುತ್ತದೆ. ಕೈಯನ್ನು ಥಟ್ಟನೆ ತೆಗೆಯದೆ ಮೆಲ್ಲಗೆ ಎತ್ತಿ, ಅಂಗೈಯಿಂದ ಒಮ್ಮೆ ನೀವಿ, ಮುಂದಿನ ಗಂಟಿಗೆ ಹೋಗಿ. ಒಂದು ಸಲಕ್ಕೆ ಮೂರೋ ನಾಲ್ಕೋ ಗಂಟು ಸಾಕು. ಮೆತ್ತಗಾಗದ್ದನ್ನು ನಾಳೆಗೆ ಬಿಡಿ.

ಕೊನೆಯ ಪಕ್ಕೆಲುಬಿನ ಕೆಳಗೆ, ಸೊಂಟದ ಇಕ್ಕೆಲದಲ್ಲಿ ಭಾರ ಹಾಕಬೇಡಿ. ಒಳಗೆ ಮೂತ್ರಪಿಂಡಗಳ ಜಾಗ ಅದು. ಇನ್ನು, ಸೊಂಟನೋವು ಎಂದವರ ಗಂಟು ಎಷ್ಟೋ ಸಲ ಸೊಂಟದಲ್ಲಿರದೆ ಪೃಷ್ಠದ ಮೇಲ್ಭಾಗದಲ್ಲಿ ಇರುತ್ತದೆ. ಸಂಕೋಚಪಟ್ಟು ಅದನ್ನು ಬಿಟ್ಟರೆ ಅರ್ಧ ಕೆಲಸ ಬಿಟ್ಟಂತೆ. ಬಟ್ಟೆಯ ಮೇಲಿಂದಲೇ, ಮುಂಗೈ ಇಟ್ಟು ಇದೇ ರೀತಿ ಭಾರ ಹಾಕಿ. ಒಬ್ಬರೇ ಇರುವವರು ಟೆನ್ನಿಸ್ ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಬಹುದು. ನೆಲದ ಮೇಲಾದರೆ ಇಡೀ ಮೈಭಾರ ಬೀಳುತ್ತದೆ, ಹೊಸಬರಿಗೆ ಬೇಡ. ಗುರ್ರೆನ್ನುವ ಮಸಾಜ್ ಯಂತ್ರ ನನಗಂತೂ ಸೇರದು. ಗಂಟು ಮೆತ್ತಗಾಯಿತೇ ಎಂದು ತಿಳಿಯುವುದು ಬೆರಳಿಗೆ, ಯಂತ್ರಕ್ಕಲ್ಲ.

ಮುಗಿದ ಮೇಲೆ ಬಿಸಿನೀರಿನ ಸ್ನಾನ. ಅದಕ್ಕೆ ಮೊದಲು ಪಾದದ ಎಣ್ಣೆ ಒರೆಸಿ, ಬಚ್ಚಲಲ್ಲಿ ಜಾರಿದರೆ ಪಟ್ಟ ಪಾಡೆಲ್ಲ ನೀರುಪಾಲು. ಮುಲಾಮು ಹಚ್ಚಿದ್ದರೆ ಅದರ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಚರ್ಮ ಬೊಬ್ಬೆ ಏಳಬಹುದು. ಮರುದಿನ ಒಂದಿಷ್ಟು ಮೈಕೈ ನೋವು ಸಹಜ. ಹಾಸಿಗೆ ಹಿಡಿಯದೆ ಓಡಾಡಿಕೊಂಡಿರಿ.

ಇಷ್ಟೆಲ್ಲ ಮಾಡಿದರೂ ಆರಾಮ ಬಹಳ ದಿನ ಉಳಿಯುವುದಿಲ್ಲ. ಚಿಕಿತ್ಸೆಗಳ ಬಗೆಗಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಸೊಂಟನೋವಿನ ಮಸಾಜ್ ಕುರಿತ 25 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಕಂಡದ್ದು ಅಲ್ಪಕಾಲದ ಉಪಶಮನವೇ, ಅದಕ್ಕಿದ್ದ ಪುರಾವೆಯೂ ದುರ್ಬಲ. ಕೂರುವ ರೀತಿ ಬದಲಾಗದಿದ್ದರೆ ಗಂಟು ಮತ್ತೆ ಕಟ್ಟುತ್ತದೆ. ಅದಕ್ಕೇ ಈ ವರ್ಷ ನಮ್ಮಲ್ಲಿ ಹೊಸ ಕಟ್ಟಳೆ: ಬುಟ್ಟಿ ತುಂಬಿದಾಗಲೆಲ್ಲ ಸುಲಿದವರೇ ಎದ್ದು ಹೋಗಿ ಸುರಿದು ಬರಬೇಕು. ಭಾವ ಮಾತ್ರ ಕೂತಲ್ಲಿಂದಲೇ ಮಗನನ್ನು ಕೂಗುತ್ತಾರೆ.