ಟೆರೇಸ್ ಮೇಲಿನ ಯಾಗಿ: ಮೊದಲು ಅಕ್ಕಪಕ್ಕ ನೋಡಿ

ಮೈಸೂರಿನಲ್ಲಿ ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆದವರು ನನಗೆ ಫೋನ್ ಮಾಡುವುದು ಹೆಚ್ಚಾಗಿ ಒಂದೇ ದೂರಿಗೆ. "ಸಾರ್, ಅಳತೆ ಎಲ್ಲಾ ಸರಿ ಇದೆ, ಎಸ್‌ಡಬ್ಲ್ಯುಆರ್ ಮಾತ್ರ ಇಳೀತಿಲ್ಲ." ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತಿದೆ ಎಂದು ಹೇಳುವ ಅಂಕಿಯೇ ಎಸ್‌ಡಬ್ಲ್ಯುಆರ್, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಹೋಗಿ ನೋಡಿದರೆ ತೊಂದರೆ ಎಷ್ಟೋ ಸಲ ಆಂಟೆನಾದ ಪಕ್ಕದಲ್ಲಿ ಇರುತ್ತದೆ.

2 ಮೀಟರ್ ಬ್ಯಾಂಡಿನ (ಅಲೆಯ ಉದ್ದ ಸುಮಾರು 2 ಮೀಟರ್) ಮೂರು ಕಡ್ಡಿಯ ಯಾಗಿಯನ್ನೇ, ಅಂದರೆ ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾವನ್ನೇ ತಗೊಳ್ಳಿ. ಕೇಬಲ್ ಸೇರುವುದು ನಡುವಿನ ಕಡ್ಡಿಗೆ ಮಾತ್ರ. ಹಿಂದಿನ ಕಡ್ಡಿ ರಿಫ್ಲೆಕ್ಟರ್, ಮುಂದಿನದು ಡೈರೆಕ್ಟರ್. ಈ ಎರಡಕ್ಕೂ ಕನೆಕ್ಷನ್ನೇ ಇಲ್ಲ. ಆದರೂ ಅವುಗಳಲ್ಲಿ ಕರೆಂಟ್ ಹರಿಯುತ್ತದೆ, ಅದು ನಡುಕಡ್ಡಿಯನ್ನೂ ಬದಲಿಸುತ್ತದೆ. ಒಂಟಿ ಡೈಪೋಲ್ (ನಡುಕಡ್ಡಿಯೊಂದೇ ಇದ್ದಾಗ) ಕೇಬಲ್ಲಿಗೆ ತೋರಿಸುವ ತಡೆ ಸುಮಾರು 73 ಓಮ್ ಇದ್ದರೆ, ಯಾಗಿಯಲ್ಲಿ ಅದು 20–30 ಓಮ್‌ಗೂ ಇಳಿಯಬಹುದು. ಡೈರೆಕ್ಟರನ್ನು ಸ್ವಲ್ಪ ಸರಿಸಿದರೂ ಕೇಬಲ್ಲಿಗೂ ಆಂಟೆನಾಗೂ ಹೊಂದಿಕೆ (ಮ್ಯಾಚ್) ಮತ್ತೆ ನೋಡಿಕೊಳ್ಳಬೇಕು.

ನೀರಿನ ಟ್ಯಾಂಕಿನ ಜಿಐ ಪೈಪೂ ಇದೇ ಕೆಲಸ ಮಾಡುತ್ತದೆ. ಕುವೆಂಪುನಗರದ ಒಂದು ಮನೆಯಲ್ಲಿ ರಿಪೀಟರ್‌ಗೆಂದು (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಕೇಂದ್ರ) ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ ಯಾಗಿ ಕಟ್ಟಿದ್ದರು. ಅರ್ಧ ಮೀಟರ್ ದೂರದಲ್ಲಿ ಟ್ಯಾಂಕಿನ ಪೈಪೂ ನೆಟ್ಟಗೆ ನಿಂತಿತ್ತು. ಯಾಗಿಯನ್ನು ಎರಡು ಮೀಟರ್ ಆಚೆ ಇಟ್ಟೆವು. ಎಸ್‌ಡಬ್ಲ್ಯುಆರ್ 2.5 ತೋರಿಸುತ್ತಿದ್ದ ಮೀಟರ್ 1.4ಕ್ಕೆ ಬಂತು. ನಿಂತ ಕಡ್ಡಿಗೆ ನಿಂತ ಲೋಹವೇ ಕಾಟ. ಬಟ್ಟೆ ಒಣಹಾಕುವ ಅಡ್ಡ ತಂತಿಯಿಂದ ಅಷ್ಟು ತೊಂದರೆಯಿಲ್ಲ. ಯಾಗಿಯನ್ನು ಹೊರುವ ಕಬ್ಬಿಣದ ಕಂಬವನ್ನೂ ಕಡ್ಡಿಗಳ ನಡುವೆ ತರಬೇಡಿ. ಬೂಮನ್ನು (ಕಡ್ಡಿಗಳನ್ನು ಜೋಡಿಸುವ ಅಡ್ಡ ಕೊಳವೆ) ಹಿಂದಕ್ಕೆ ಉದ್ದ ಬಿಟ್ಟು, ರಿಫ್ಲೆಕ್ಟರ್‌ನ ಹಿಂದೆ ಕಂಬಕ್ಕೆ ಕಟ್ಟಿ.

ಇನ್ನು ಕೇಬಲ್. ಇದನ್ನು ಜನ ಸುಮ್ನೆ ಕೆಳಗೆ ಇಳಿಬಿಡುತ್ತಾರೆ. ಆಗ ಅದು ಡೈಪೋಲ್‌ಗೆ ಒತ್ತಿಕೊಂಡು ನಿಲ್ಲುತ್ತದೆ, ಅದರ ಜಾಲರಿಯ ಹೊರಮೈಯಲ್ಲೂ ಆರ್‌ಎಫ್ (ರೇಡಿಯೋ ಕರೆಂಟ್) ಹರಿಯುತ್ತದೆ. ಅಲ್ಲಿಗೆ ಕೇಬಲ್ಲೂ ಒಂದು ಆಂಟೆನಾ ಆಯ್ತು ಅಲ್ವಾ? ಪತ್ತೆ ಮಾಡುವುದು ಸುಲಭ. ಕಡಿಮೆ ಪವರ್‌ನಲ್ಲಿ ಮೀಟರ್ ನೋಡುತ್ತಾ, ರೇಡಿಯೋ ಪಕ್ಕದ ಕೇಬಲನ್ನು ಮುಷ್ಟಿಯಲ್ಲಿ ಹಿಡಿದು ಕೈ ಸರಿಸಿ. ಮುಳ್ಳು ಅಲುಗಾಡಿದರೆ ಹೊರಗೆ ಕರೆಂಟ್ ಇದೆ. ಅರ್ಧ ಮೀಟರ್ ತುಂಡು ಸೇರಿಸಿದಾಗ ಎಸ್‌ಡಬ್ಲ್ಯುಆರ್ ಎದ್ದು ಕಾಣುವಷ್ಟು ಬದಲಾದರೂ ಇದೇ ಅನುಮಾನ. ಕೇಬಲನ್ನು ಬೂಮ್‌ಗುಂಟ ಹಿಂದಕ್ಕೆ ಒಯ್ದು, ರಿಫ್ಲೆಕ್ಟರ್ ದಾಟಿದ ಮೇಲೆ ಇಳಿಸಿ. ಫೀಡ್ ಪಾಯಿಂಟ್ (ಕೇಬಲ್ ಕಡ್ಡಿಗೆ ಸೇರುವ ಜಾಗ) ಹತ್ತಿರವೇ ಈ ಹೊರಗಿನ ಕರೆಂಟ್ ತಡೆಯಲು ಮೂರ್ನಾಲ್ಕು ಫೆರೈಟ್ ಕ್ಲಿಪ್ ಹಾಕಿ. ಈ ಬ್ಯಾಂಡಿಗೆ 43 ಮಿಕ್ಸ್ ಎಂಬ ಬಗೆಯ ಫೆರೈಟ್ ಒಳ್ಳೆಯದು.

ಕೊನೆಗೆ, ಮೀಟರ್ ಚೆನ್ನಾಗಿ ತೋರಿಸಿದರೂ ನಂಬುವ ಮೊದಲು ಕೇಬಲ್ ಯಾವುದೆಂದು ನೋಡಿ. ಆರ್‌ಜಿ-58 ಎಂಬ ತೆಳು ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ ಮೀಟರಿಗೆ ಸುಮಾರು 0.2 ಡೆಸಿಬೆಲ್ ತಿನ್ನುತ್ತದೆ. 15 ಮೀಟರ್ ಎಳೆದರೆ ಅರ್ಧ ಪವರ್ ದಾರಿಯಲ್ಲೇ ಹೋಯ್ತು. ವಾಪಸ್ ಬರುವ ಅಲೆಯೂ ಅಷ್ಟೇ ಸವೆಯುವುದರಿಂದ, ಮೇಲೆ ಎಸ್‌ಡಬ್ಲ್ಯುಆರ್ 3 ಇದ್ದರೆ ಕೆಳಗೆ 1.7 ಮಾತ್ರ ಕಾಣುತ್ತದೆ! ಅದಕ್ಕೇ ಒಂದು ಸಲವಾದರೂ ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ತಗೊಂಡು ಟೆರೇಸ್ ಹತ್ತಿ, ಆಂಟೆನಾ ಬುಡದಲ್ಲೇ ಅಳೆಯಿರಿ. ಕೇಬಲ್ ಉದ್ದ ಇರಲೇಬೇಕಾದರೆ ದಪ್ಪನೆಯ ಆರ್‌ಜಿ-213 ಹಾಕಿ, ನಷ್ಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.