ಕುದುರೆಯ ನಡೆ ಗುರುತಿಸುವುದು ಹೇಗೆ? ಮೊದಲು ಕಿವಿ ಕೊಡಿ

ಮೈಸೂರಿಗೆ ಹೋದರೆ ಅರಮನೆ ಸುತ್ತಮುತ್ತ ಈಗಲೂ ಟಾಂಗಾ ಸಿಗುತ್ತದೆ. ಹತ್ತಿ ಕೂತು ಎರಡು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಕುದುರೆ ಹೊರಡುವಾಗ ಒಂದು ಸದ್ದು, ರಸ್ತೆ ಖಾಲಿ ಸಿಕ್ಕಾಗ ಇನ್ನೊಂದು. ಲಾಳ ನೆಲಕ್ಕೆ ಬಡಿಯುವ ಲೆಕ್ಕ ಬದಲಾಯಿತು ಅಂದರೆ ಬರೀ ವೇಗ ಅಲ್ಲ, ನಡೆಯೇ ಬದಲಾಯಿತು ಅಂತ ಅರ್ಥ. ನಾನು ಸವಾರಿ ಕಲಿಯಲು ಹೋದ ಹೊಸದರಲ್ಲಿ ಕಾಲುಗಳನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ನಾಲ್ಕರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಹಿಡಿಯಲಿಕ್ಕೇ ಆಗುತ್ತಿರಲಿಲ್ಲ. ಬೇಲಿ ಪಕ್ಕ ನಿಂತು ಸುಮ್ನೆ ಕೇಳಿಸಿಕೊಳ್ಳಲು ಶುರು ಮಾಡಿದ ಮೇಲೆ ಒಂದೇ ವಾರದಲ್ಲಿ ಗೊತ್ತಾಗಿಬಿಟ್ಟಿತು.

ಅದಕ್ಕೂ ಮುಂಚೆ ನಾಲ್ಕಾರು ಮಾತು ಗೊತ್ತಿರಲಿ. ಅರ್ಧ ನಿಮಗೆ ಗೊತ್ತಿರುವಂಥವೇ. ಬೆಲೆ ಏರಿಕೆಗೆ 'ಕಡಿವಾಣ' ಅಂತ ದಿನಾ ಪೇಪರಿನಲ್ಲಿ ಓದುತ್ತೀವಿ. ಅದು ಕುದುರೆಯ ಬಾಯಿಗೆ ಹಾಕುವ ಕಬ್ಬಿಣದ ಕಂಬಿ ಇರುವ ಜೋಡಣೆ. ಕುದುರೆಗೆ ಮುಂದಿನ ಹಲ್ಲು ಮತ್ತು ದವಡೆ ಹಲ್ಲಿನ ನಡುವೆ ಖಾಲಿ ಜಾಗ ಇರುತ್ತದೆ, ಕಂಬಿ ಕೂರುವುದು ಅಲ್ಲಿ. ಬರೀ ಒಸಡು. ಹಾಗಾಗಿ ಲಗಾಮನ್ನು ಜಗ್ಗಿ ಎಳೆದರೆ ಅದಕ್ಕೆ ಎಷ್ಟು ನೋವಾಗಬಹುದು ಯೋಚಿಸಿ. ಬೆನ್ನ ಮೇಲಿನದು ಜೀನು, ಕಾಲಿಡುವುದು ರಿಕಾಪು, ಪಾದ ಗೊರಸು, ಕತ್ತಿನ ಕೂದಲು ಜೂಲು. ಗೊರಸು ಎತ್ತಿ ನೋಡಿದರೆ ಅಡಿಯಲ್ಲಿ ಮೂರು ಮೂಲೆಯ ಮೆತ್ತನೆ ಭಾಗ ಕಾಣುತ್ತದೆ, ಅದಕ್ಕೆ ಫ್ರಾಗ್ ಅನ್ನುತ್ತಾರೆ. ಕಲ್ಲು ಸಿಕ್ಕಿಕೊಳ್ಳುವುದು ಅದರ ಎರಡು ಪಕ್ಕದ ಸಂದಿನಲ್ಲಿ.

ರೇಸ್ ಕೋರ್ಸಿಗೆ ಹೋದರೆ ಕೋಲ್ಟ್, ಫಿಲ್ಲಿ ಅಂತ ಕೇಳಿಬರುತ್ತದೆ. ಎಳೆ ವಯಸ್ಸಿನ ಗಂಡು ಕೋಲ್ಟ್, ಹೆಣ್ಣು ಫಿಲ್ಲಿ. ಬೆಳೆದ ಹೆಣ್ಣು ಮೇರ್, ಬೀಜ ತೆಗೆದ ಗಂಡು ಗೆಲ್ಡಿಂಗ್. ಎತ್ತರದ ಲೆಕ್ಕದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಅಳೆಯುವುದು ತಲೆಯವರೆಗೆ ಅಲ್ಲ, ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಇರುವ ಉಬ್ಬಿನವರೆಗೆ. ಅಳತೆ 'ಹ್ಯಾಂಡ್', ಒಂದು ಹ್ಯಾಂಡ್‌ಗೆ 4 ಇಂಚು. 15.2 ಅಂದರೆ ಹದಿನೈದೂ ಚಿಲ್ಲರೆ ಅಲ್ಲ, 15 ಹ್ಯಾಂಡ್ ಮತ್ತು 2 ಇಂಚು, ಒಟ್ಟು 62 ಇಂಚು. 15.3 ಆದ ಮೇಲೆ ನೇರ 16.

ಈಗ ನಡೆಗೆ ಬರೋಣ. ಸಂಗೀತದ ಪಾಠ ಕೇಳಿದವರಿಗೆ ಇದು ತುಂಬಾ ಸುಲಭ.

ವಾಕ್ ಅಂದರೆ ನಿಧಾನ ನಡಿಗೆ. ತ... ಕ... ಧಿ... ಮಿ... ನಾಲ್ಕು ಪೆಟ್ಟು, ಸಮ ಸಮ ಅಂತರ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಜಂಬೂ ಸವಾರಿಯಲ್ಲಿ ಪೊಲೀಸ್ ಕುದುರೆಗಳು ಹೋಗುತ್ತವಲ್ಲ, ಹಾಗೆ. ಗಂಟೆಗೆ ಸುಮಾರು 6 ಕಿಲೋಮೀಟರ್.

ಟ್ರಾಟ್‌ನಲ್ಲಿ ಎರಡೇ ಪೆಟ್ಟು. ತಕ ತಕ ತಕ ತಕ. ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು, ಹೀಗೆ ಓರೆ ಜೋಡಿಯಾಗಿ ಬೀಳುತ್ತವೆ. ಟಾಂಗಾ ಕುದುರೆ ಲಯಕ್ಕೆ ಬಿದ್ದಾಗ ಕೇಳುವುದು ಇದೇ. ಒಂದು ಜೋಡಿಯಿಂದ ಇನ್ನೊಂದಕ್ಕೆ ಕುದುರೆ ನೆಗೆಯುವುದರಿಂದ ಮೇಲೆ ಕೂತವರಿಗೆ ಕುಲುಕಾಟ ಜಾಸ್ತಿ. ಅದಕ್ಕೇ ಸವಾರರು ಒಂದು ಪೆಟ್ಟಿಗೆ ಏಳುತ್ತಾರೆ, ಒಂದು ಪೆಟ್ಟಿಗೆ ಕೂರುತ್ತಾರೆ. ಮೊದಲ ವಾರ ನನಗೆ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದೂ ಕಷ್ಟವಾಗಿತ್ತು. 'ಒಂದು, ಎರಡು' ಅಂತ ಬಾಯಿಬಿಟ್ಟು ಎಣಿಸಿ, ಕುದುರೆ ಎತ್ತಿದಾಗ ಮಾತ್ರ ಏಳಿ, ನೀವಾಗಿ ಏಳಲು ಹೋಗಬೇಡಿ.

ಕ್ಯಾಂಟರ್ ನನಗೆ ಎಲ್ಲಕ್ಕಿಂತ ಇಷ್ಟ. ತಕಿಟ, ಒಂದು ಗಳಿಗೆ ಮೌನ, ಮತ್ತೆ ತಕಿಟ. ಮೊದಲು ಒಂದು ಹಿಂಗಾಲು, ಆಮೇಲೆ ಓರೆ ಜೋಡಿ ಒಟ್ಟಿಗೆ, ಕೊನೆಗೆ ಉಳಿದ ಮುಂಗಾಲು. ಆ ಮೌನ ಇದೆಯಲ್ಲ, ಆಗ ನಾಲ್ಕೂ ಕಾಲು ಗಾಳಿಯಲ್ಲಿ! ಕೊನೆಗೆ ಬೀಳುವ ಮುಂಗಾಲಿಗೆ ಲೀಡ್ ಅನ್ನುತ್ತಾರೆ, ಅದು ಜೊತೆಯದಕ್ಕಿಂತ ಮುಂದಕ್ಕೆ ಚಾಚುತ್ತದೆ. ಬಲಕ್ಕೆ ತಿರುಗುವಾಗ ಬಲ ಲೀಡ್, ಎಡಕ್ಕೆ ಎಡ ಲೀಡ್ ಇದ್ದರೆ ಕುದುರೆ ಸಲೀಸಾಗಿ ತಿರುಗುತ್ತದೆ. ತಪ್ಪಿದರೆ ತೂಕ ತಪ್ಪಿದ ಹಾಗೆ ನಿಮಗೇ ಅನಿಸುತ್ತದೆ.

ಇನ್ನು ಗ್ಯಾಲಪ್. ನಮ್ಮ ಮಾತಲ್ಲಿ ನಾಗಾಲೋಟ, ನಾಲ್ಕು ಕಾಲಿನ ಓಟ. ಎಷ್ಟು ಸರಿಯಾದ ಹೆಸರು ಅಲ್ವಾ? ಕ್ಯಾಂಟರ್‌ನ ಓರೆ ಜೋಡಿ ಇಲ್ಲಿ ಬಿಡಿಸಿಕೊಂಡು ಮತ್ತೆ ನಾಲ್ಕು ಪೆಟ್ಟಾಗುತ್ತದೆ, ಚುರುಕಾಗಿ ತಕಧಿಮಿ, ಆಮೇಲೆ ಹಾರಾಟ. ರೇಸ್ ಕುದುರೆ ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ಹಳೆಯ ಚಿತ್ರಗಳಲ್ಲಿ ಓಡುವ ಕುದುರೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುತ್ತಿರುತ್ತದೆ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ದಾರಿಯುದ್ದಕ್ಕೂ ಕ್ಯಾಮೆರಾ ಸಾಲಾಗಿಟ್ಟು ಫೋಟೋ ತೆಗೆದಾಗ ನಿಜ ಕಂಡಿತು. ಕುದುರೆ ಪೂರ್ತಿ ಗಾಳಿಯಲ್ಲಿರುವುದು ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮಡಚಿಕೊಂಡಾಗ.

ಕೆಲವು ತಳಿಗಳಿಗೆ ಬೇರೆ ನಡೆಯೂ ಇದೆ. ಕಿವಿಯ ತುದಿ ಒಳಕ್ಕೆ ಬಾಗಿರುತ್ತದಲ್ಲ, ಆ ರಾಜಸ್ಥಾನದ ಮಾರ್ವಾಡಿ ಕುದುರೆಗಳಲ್ಲಿ ಕೆಲವು ರೇವಾಲ್ ಅನ್ನುವ ನಡೆ ಹಾಕುತ್ತವೆ. ಚುರುಕಾಗಿ ಹೋದರೂ ಸವಾರನಿಗೆ ಕುಲುಕು ಕಡಿಮೆ.

ಈ ಎಣಿಕೆ ಬರೀ ಹೆಸರು ಹೇಳಲಿಕ್ಕೆ ಅಲ್ಲ. ಕುದುರೆ ಕುಂಟುತ್ತಿದೆಯಾ ಅಂತ ನೋಡಲು ಡಾಕ್ಟರು ಟ್ರಾಟ್ ಮಾಡಿಸುತ್ತಾರೆ, ಯಾಕೆಂದರೆ ಅಲ್ಲಿ ಎರಡೂ ಪೆಟ್ಟು ಒಂದೇ ಸಮ ಇರಬೇಕು. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೆ ಹೋಗುತ್ತದೆ, ಒಳ್ಳೆಯ ಕಾಲು ಊರಿದಾಗ ಕೆಳಗೆ ಬರುತ್ತದೆ. ಟಾಂಗಾದಲ್ಲಿ ಕೂತಾಗ ಒಂದು ಪೆಟ್ಟು ಜೋರು, ಒಂದು ಮೆಲ್ಲಗೆ ಕೇಳಿಸಿ, ತಲೆಯೂ ಹಾಗೆ ಆಡುತ್ತಿದ್ದರೆ ಇಳಿದುಬಿಡಿ. "ಅಣ್ಣಾ, ಆ ಕಾಲು ಒಂಚೂರು ಎತ್ತಿ ನೋಡ್ತೀರಾ?" ಅಂತ ಕೇಳಿ. ಎಷ್ಟೋ ಸಲ ಗೊರಸಿನ ಸಂದಿಯಲ್ಲಿ ಒಂದು ಕಲ್ಲು ಇರುತ್ತದೆ.