ಜಗಲಿ ಗೋಡೆ ಕಲಿಸಿದ ಪ್ರೈಮರ್ ಕೆಲಸ

ತೀರ್ಥಹಳ್ಳಿ ಕಡೆಯ ಒಂದು ಹಳೇ ಮನೆ. ಉಪನಯನಕ್ಕೆ ವಾರವೂ ಉಳಿದಿರಲಿಲ್ಲ. ಜಗಲಿ ಗೋಡೆಯಲ್ಲಿ ವರ್ಷವರ್ಷ ಬಳಿದ ಸುಣ್ಣ ಪದರುಪದರಾಗಿ ಕೂತಿತ್ತು. ಬೇಗ ಮುಚ್ಚಿಹೋಗಲಿ ಎಂದು, ಬಣ್ಣಕ್ಕೆ ಮುಂಚೆ ಗೋಡೆಗೆ ಬಳಿಯುವ ವಾಟರ್ ಪ್ರೈಮರಿಗೆ ನೀರು ಕಮ್ಮಿ ಹಾಕಿ ಗಟ್ಟಿಯಾಗಿ ರೋಲರ್ ಎಳೆದೆ. ತಗ್ಗುಗಳಿಗೂ ಪ್ರೈಮರನ್ನೇ ತುಂಬಿದೆ. ಮಧ್ಯಾಹ್ನ ಕೈಗೆ ಅಂಟಲಿಲ್ಲ, ಎರಡನೇ ಕೋಟೂ ಹೊಡೆದೆ.

ಬೆಳಿಗ್ಗೆ ಮನೆಯ ಅಮ್ಮ ಕರೆದರು: “ಎಂಥ ಮಾರಾಯಾ ಇದು, ನಿನ್ನೆ ಬಳಿದದ್ದು ಇವತ್ತೇ ಬಿರಿದಿದೆಯಲ್ಲ?” ಬೇಸಿಗೆಯ ಕೆರೆ ತಳದ ಹಾಗೆ ಗೋಡೆಯೆಲ್ಲ ಸೀಳು.

ಪ್ರೈಮರಿನಲ್ಲಿದ್ದ ನೀರು ಆರುತ್ತಾ ಹೋದಂತೆ ಅದು ಕುಗ್ಗುತ್ತದೆ. ಪದರ ದಪ್ಪವಾದರೆ ಮೇಲ್ಮೈ ಮೊದಲು ಗಟ್ಟಿಯಾಗಿ, ಒಳಗಿನದು ಹಸಿಯಾಗೇ ಉಳಿಯುತ್ತದೆ. ಆಮೇಲೆ ಒಳಗಿನದು ಕುಗ್ಗುವಾಗ ಮೇಲಿನದು ಸೀಳುತ್ತದೆ. ನನ್ನ ಗೋಡೆಯಲ್ಲಿ ಅಡಿಯಲ್ಲಿದ್ದದ್ದು ಪುಡಿ ಸುಣ್ಣ. ಪ್ರೈಮರ್ ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಎರಡು ದಿನ ಕೆರೆದ ಮೇಲೆ ಗಾರೆ ಕಾಣಿಸಿತು.

ಅಂದಿನಿಂದ ಮೊದಲು ಕಪ್ಪು ಬಟ್ಟೆಯಲ್ಲಿ ಗೋಡೆ ಒರೆಸಿ ನೋಡುತ್ತೇನೆ. ಬಿಳಿ ಪುಡಿ ಹತ್ತಿದರೆ ತಂತಿ ಬ್ರಶ್ಶಿನಿಂದ ಉಜ್ಜಿ, ತೊಳೆದು, ಚೆನ್ನಾಗಿ ಒಣಗಿಸದೆ ಮುಂದಕ್ಕೆ ಹೋಗುವುದಿಲ್ಲ. ಹೊಸ ಗಾರೆಗೆ ಕನಿಷ್ಠ 28 ದಿನ ಬಿಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಅಷ್ಟೂ ಸಾಲದು. ಸಂಶಯವಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪು ಹಾಕಿ ಒಂದು ದಿನ ಬಿಡುತ್ತೇನೆ. ಒಳಗೆ ಬೆವರು ಕಟ್ಟಿದರೆ ಡಬ್ಬಿ ಬಿಚ್ಚುವುದೇ ಇಲ್ಲ. ಹೊರಗೋಡೆಯನ್ನಂತೂ ಮಳೆ ನಿಂತು, ಅಂಗಳದಲ್ಲಿ ಅಡಿಕೆ ಒಣಗುವಂಥ ಬಿಸಿಲು ಬಂದ ಮೇಲೇ ಹಿಡಿಯುವುದು. ಆಗಲೂ ಬಿಸಿಲು ನೇರ ಬೀಳುವ ಗೋಡೆಗೆ ಕೈ ಹಾಕುವುದಿಲ್ಲ, ನೆರಳು ಬರುವವರೆಗೆ ಕಾಯುತ್ತೇನೆ. ಕಾದ ಗೋಡೆಯಲ್ಲಿ ಪ್ರೈಮರಿನ ನೀರು ಬೇಗ ಆರಿಬಿಡುತ್ತದೆ.

ತಗ್ಗು, ಕೂದಲೆಳೆ ಬಿರುಕಿಗೆ ಪುಟ್ಟಿ (ಗೋಡೆಗೆ ಮೆತ್ತಿ ಸಮ ಮಾಡುವ ಹಿಟ್ಟಿನಂಥದ್ದು) ಬೇಕು, ಪ್ರೈಮರ್ ಅಲ್ಲ. ಗಾರೆಯ ಬಿರುಕನ್ನು ಪುಟ್ಟಿ ಒಳಕ್ಕಿಳಿಯುವಷ್ಟು ಕೆರೆದು ತುಂಬಬೇಕು. ವರ್ಷವರ್ಷ ಅಗಲವಾಗುವ ಬಿರುಕಿದ್ದರೆ ನಾನು ಬಳಿಯಲು ಒಪ್ಪುವುದಿಲ್ಲ; ಮೊದಲು ಮೇಸ್ತ್ರಿಯನ್ನು ಕರೆಸಿ ಎನ್ನುತ್ತೇನೆ.

ನೀರು ಎಷ್ಟು ಎಂದು ಡಬ್ಬಿಯ ಮೇಲೇ ಇರುತ್ತದೆ, ಅಳತೆ ಪಾತ್ರೆಯಲ್ಲೇ ಹಾಕಬೇಕು. ತೆಳ್ಳಗೆ ಒಂದು ಕೋಟು, ಮಳೆಯ ವಾತಾವರಣವಿದ್ದರೆ ಮರುದಿನದವರೆಗೆ ಕಾದು ಇನ್ನೊಂದು. ಎರಡನೆಯದಕ್ಕೆ ಮುಂಚೆ ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕನ್ನು ಅಡ್ಡಕ್ಕೆ ಬಿಡುತ್ತೇನೆ. ಕೂದಲೆಳೆಯಷ್ಟು ಗೀಟು ಕಂಡರೂ ಆ ಜಾಗವನ್ನು ಉಜ್ಜಿ ತೆಗೆದು ಮತ್ತೆ ಶುರು.